ಟೀವಿ ನುಂಗಿದ ದೊಡ್ಡಮ್ಮ

ಅಕ್ಕನ ಮದುವೆಯ ಹಳೆಯ ವಿಡಿಯೊ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದಿದ್ದೆ. ಅದನ್ನು ಪುಟ್ಟ ಮಾನಿಟರಿನಲ್ಲಿ ನೋಡಲು ಅಮ್ಮ ಒಪ್ಪಲಿಲ್ಲ. ಹಾಲಿನಲ್ಲಿ ದೊಡ್ಡ ಹೊಸ ಟೀವಿ ಇರುವಾಗ ಇದ್ಯಾಕೆ ಎಂದಳು. ಸರಿ, ಒಂದು ಭಾನುವಾರ ಕಂಪ್ಯೂಟರನ್ನೇ ಎತ್ತಿಕೊಂಡು ಬಂದು ಟೀವಿಯ ಪಕ್ಕದ ಸ್ಟೂಲಿನ ಮೇಲಿಟ್ಟು ಕೇಬಲ್ ಸಿಕ್ಕಿಸಿದೆ. ಚಿತ್ರ ಬಂತು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟವನಿಗೆ ಇದೇನು ಮಹಾ ಎಂದು ಬೀಗಿ, ಮಲ್ಲೇಶ್ವರದ ದೊಡ್ಡಮ್ಮನಿಗೂ ಫೋನ್ ಮಾಡಿ ಕರೆದೆ. ಅವರು ಅಮ್ಮನ ಅಕ್ಕ. ಚಾಮರಾಜಪೇಟೆಯ ನಮ್ಮ ಮನೆಗೆ ರೇಷ್ಮೆ ಸೀರೆ ಉಟ್ಟುಕೊಂಡು, ಮದುವೆಗೇ ಬಂದ ಹಾಗೆ ಆಟೋದಿಂದ ಇಳಿದರು.

ವಿಡಿಯೊ ಶುರುವಾಯಿತು. ಹಳೆಯ ಚೌಕದ ಚಿತ್ರ ಟೀವಿಯ ಅಗಲಕ್ಕೆ ಹಿಗ್ಗಿಕೊಂಡಿತ್ತು. ಪುರೋಹಿತರ ಮುಖ ಕುಂಬಳಕಾಯಿಯಂತಾಗಿತ್ತು. ಕಡ್ಡಿಯಂತಿದ್ದ ಭಾವ ಪೈಲ್ವಾನನಾಗಿದ್ದರು.

ಧಾರೆಯ ಹೊತ್ತಿಗೆ ದೊಡ್ಡಮ್ಮ ಕುರ್ಚಿಯ ತುದಿಗೆ ಸರಿದರು. ಅಕ್ಕನ ಪಕ್ಕ ಅಕ್ಷತೆ ತಟ್ಟೆ ಹಿಡಿದು ನಿಂತವರು ಅವರೇ. ಆದರೆ ಟೀವಿಯಲ್ಲಿ ತಟ್ಟೆ ಇತ್ತು, ಹಿಡಿದ ಕೈ ಇತ್ತು, ದೊಡ್ಡಮ್ಮ ಮಾತ್ರ ಇರಲಿಲ್ಲ.

“ಕೈ ನಂದೇ. ಆ ಬಳೆ ಬಳೇಪೇಟೇಲಿ ತಗೊಂಡಿದ್ದು. ನಾನೆಲ್ಲೋ?”

“ಇರ್ತೀರ ದೊಡ್ಡಮ್ಮ, ಸ್ವಲ್ಪ ತಡೀರಿ.”

“ಕತ್ತರಿ ಹಾಕ್ಸಿದ್ದು ಯಾರು? ನಿಮ್ಮಮ್ಮ ಹೇಳಿದ್ಲಾ?”

“ಅಯ್ಯೋ ಅಕ್ಕ, ನಂಗೆ ಟೀವಿ ಆನ್ ಮಾಡಕ್ಕೇ ಸರಿಯಾಗಿ ಬರಲ್ಲ,” ಎಂದಳು ಅಮ್ಮ.

ವಿಡಿಯೊ ನಿಲ್ಲಿಸಿ ನೋಡಿದರೆ, ಟೀವಿಯಲ್ಲಿ ಕಂಪ್ಯೂಟರ್ ಪರದೆಯ ಮೂಲೆಯಲ್ಲಿರಬೇಕಾದ ಗಡಿಯಾರವೂ ಮಾಯ. ಅಲ್ಲಿಗೆ ಕ್ಯಾಸೆಟ್ಟಿನ ತಪ್ಪಲ್ಲ ಎಂದಾಯಿತು. ಕೇಬಲ್ ಬದಲಿಸಿದೆ. ಕಂಪ್ಯೂಟರಿನ ಸೆಟ್ಟಿಂಗ್ ಒಂದೊಂದಾಗಿ ತಿರುವಿ ಹಾಕಿದೆ. ಒಮ್ಮೆ ಪರದೆ ಪೂರ್ತಿ ಕಪ್ಪಾದಾಗ, “ಹೋಯ್ತು, ಈಗ ಮದುವೇನೇ ಹೋಯ್ತು,” ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. ಕೊನೆಗೆ ಸೋತು, ನಮ್ಮ ಶಾಲೆಯ ಫಿಸಿಕ್ಸ್ ಮೇಷ್ಟ್ರಿಗೆ ಫೋನ್ ಮಾಡಿದೆ.

“ಗುರು, ಕಂಪ್ಯೂಟರ್ ಮುಟ್ಬೇಡ. ಟೀವಿ ರಿಮೋಟ್ ತಗೋ. ಕೆಲವು ಟೀವಿ ಚಿತ್ರನ ಸ್ವಲ್ಪ ಹಿಗ್ಗಿಸಿ ಅಂಚು ತಿಂದ್ಬಿಡ್ತವೆ. ಪಿಕ್ಚರ್ ಸೈಜ್ ಅಂತಿರತ್ತೆ ನೋಡು. ಅದ್ರಲ್ಲಿ ಚಿತ್ರ ಇದ್ದಂಗೇ ತೋರ್ಸೋದು ಒಂದಿರತ್ತೆ, ಅದನ್ನ ಒತ್ತು.”

ಒತ್ತಿದೆ. ದೊಡ್ಡಮ್ಮ ಇಡಿಯಾಗಿ ಬಂದರು.

“ನಾನ್ಯಾವಾಗ ಇಷ್ಟು ದಪ್ಪ ಇದ್ನೋ?”

ವಿಡಿಯೊ ಓಡಿಸುವ ಪ್ಲೇಯರಿನಲ್ಲಿ ಹುಡುಕಿ, ಚಿತ್ರವನ್ನು ಅದರ ಹಳೆಯ ಚೌಕದ ಅಳತೆಗೆ ತಂದೆ. ಎಲ್ಲರೂ ಒಟ್ಟಿಗೆ ಸಣ್ಣಗಾದರು.

“ಅಕ್ಕಪಕ್ಕ ಅದೇನೋ ಕಪ್ಪು ಪಟ್ಟಿ?” ಎಂದಳು ಅಮ್ಮ.

“ಇರ್ಲಿ ಬಿಡೇ, ಈಗ್ಲೇ ಚೆನ್ನಾಗಿದೆ,” ಎಂದ ದೊಡ್ಡಮ್ಮ ಟೀವಿಯ ಕಡೆ ಬಾಗಿದರು.

ಚಿತ್ರದ ಅಂಚಿನಲ್ಲಿ, ಅವರ ಬೆನ್ನ ಹಿಂದೆ, ದೊಡ್ಡಪ್ಪ ನಿಂತಿದ್ದರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಮದುವೆಯ ಕರೆಯೋಲೆಯನ್ನು ಮಡಿಸಿ ಹಿಡಿದು, ಯಾರಿಗೂ ಗೊತ್ತಾಗದ ಹಾಗೆ ಹೆಂಡತಿಯ ಕತ್ತಿಗೆ ಗಾಳಿ ಬೀಸುತ್ತಿದ್ದರು. ಕ್ಯಾಮೆರಾ ಕಣ್ಣಿಗೆ ಬಿದ್ದದ್ದೇ ತಡ, ಅದನ್ನು ಜೇಬಿಗೆ ತುರುಕಿ ಗಂಭೀರವಾದರು.

“ಮನೇಲಿ ಒಂದಿನ ಬೀಸಿದವರಲ್ಲ ಮಹಾನುಭಾವ್ರು,” ಎಂದು ದೊಡ್ಡಮ್ಮ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಇನ್ನೊಂದ್ಸಲ ಹಾಕೋ.”

ನಾಲ್ಕು ಸಲ ಹಾಕಿದೆ. ಐದನೆಯ ಸಲಕ್ಕೆ ಮೌಸನ್ನು ನನ್ನ ಕೈಯಿಂದ ಅವರೇ ತೆಗೆದುಕೊಂಡರು.