ಕನ್ನಡಿ ಮೇಷ್ಟ್ರ ಯೂದ

ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಅಚ್ಚು ಹಾಕುವುದರಲ್ಲಿ ಅವರದು ಎತ್ತಿದ ಕೈ. ಎಡಬಲ ತಿರುಗಿದ ಅಕ್ಷರಗಳನ್ನೂ ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಿದ್ದರು. ಅದಕ್ಕೇ ಪ್ರೆಸ್ಸಿನವರು ಕನ್ನಡಿ ಮೇಷ್ಟ್ರು ಎಂದು ಕರೆದದ್ದು. ಅರವತ್ತು ದಾಟಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಉಳಿ ಹಿಡಿದು ಕೂತರು. ಆಗ ಪಾದ್ರಿಗಳು ಒಂದು ಕೆಲಸ ಒಪ್ಪಿಸಿದರು: ಯೇಸುವಿಗೆ ಮುತ್ತಿಟ್ಟು ಹಿಡಿದುಕೊಟ್ಟ ಯೂದನನ್ನು ಕೆತ್ತುವುದು.

ಯೂದನಿಗೆ ಮುಖ ಕೊಡುವವರು ಯಾರು? ಹಾಲಿನವನನ್ನು ಕೇಳಿದರೆ, "ನನ್ ಹೆಂಡ್ತಿಗೆ ಮೊದ್ಲೇ ನನ್ಮೇಲೆ ಅನುಮಾನ, ಬಿಟ್ಬಿಡಿ" ಎಂದು ಜಾರಿಕೊಂಡ. ಕೊನೆಗೆ ಮೇಷ್ಟ್ರು ಗೋಡೆಯ ಕನ್ನಡಿ ಇಳಿಸಿ ಎದುರಿಗಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ ಕೆತ್ತಿದರು. ಅಚ್ಚಿನಲ್ಲಿ ಹೇಗೂ ಎಡಬಲ ಅದಲುಬದಲಾಗುತ್ತದೆ, ಗುರುತು ಯಾರಿಗೆ ಹತ್ತೀತು ಎಂಬ ಧೈರ್ಯ.

ಆ ಕೆಲಸಕ್ಕೆ ಆ ಮುಖವೇ ಸರಿ ಎಂದು ಅವರಿಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಪ್ರೆಸ್ಸಿನಲ್ಲಿ ಮುಷ್ಕರದ ಗುಟ್ಟನ್ನು ಮಾಲೀಕರ ಕಿವಿಗೆ ಹಾಕಿದವರು ಅವರೇ. ಮುಷ್ಕರದ ಮುಂದಾಳು ಹೆಂಡತಿಯ ಅಣ್ಣ. ಭಾವನ ಕೆಲಸ ಹೋಯಿತು, ಕಿಟಕಿ ಪಕ್ಕದ ಅವರ ಮೇಜು ಮೇಷ್ಟ್ರಿಗೆ ಬಂತು. ಹೋದ ವರ್ಷ ಭಾವ ಸತ್ತಾಗಲೂ ಮೇಷ್ಟ್ರಿಗೆ ಅಳು ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಹೆಂಡತಿಗೆ ಮಾತ್ರ ಗೊತ್ತಾಗಬಾರದು ಎಂಬುದೊಂದೇ ಭಯ ಉಳಿದಿತ್ತು.

ಮೊದಲ ಅಚ್ಚು ತೆಗೆದು ಒಣಗಲು ಹಗ್ಗಕ್ಕೆ ಸಿಕ್ಕಿಸಿದರು. ನೋಡಿದರೆ ಸಾಕ್ಷಾತ್ ತಾವೇ. ಕನ್ನಡಿ ಒಮ್ಮೆ ತಿರುಗಿಸಿದ್ದ ಮುಖವನ್ನು ಅಚ್ಚು ಇನ್ನೊಮ್ಮೆ ತಿರುಗಿಸಿ, ಜನ ದಿನಾ ನೋಡುವ ಮುಖವನ್ನೇ ನೆಟ್ಟಗೆ ಕೂರಿಸಿತ್ತು. ಕನ್ನಡಿ ಮೇಷ್ಟ್ರು ಎಂಬ ಹೆಸರು ಬೇರೆ ಕೇಡು, ಇಷ್ಟು ಹೊಳೆಯಲಿಲ್ಲ. ಕಿತ್ತು ಮಡಚೋಣವೆಂದರೆ ಕೈ ಏಳಲಿಲ್ಲ.

ಊಟಕ್ಕೆ ಕರೆಯಲು ಬಂದ ಹೆಂಡತಿ ಅಚ್ಚಿನ ಮುಂದೆ ನಿಂತರು.

"ಅಣ್ಣನ್ನ ಕೆಲ್ಸದಿಂದ ತೆಗೆದ್ರು ಅಂತ ಬಂದು ಹೇಳಿದ್ರಲ್ಲ, ಅವತ್ತು ನಿಮ್ಮ ಮುಖ ಹೀಗೇ ಇತ್ತು."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಮಾಲೀಕ್ರಿಗೆ ಹೇಳಿದ್ದು ನಾನೇ," ಎಂದರು ಮೇಷ್ಟ್ರು.

"ಗೊತ್ತು. ಅಣ್ಣಂಗೂ ಗೊತ್ತಿತ್ತು."

ಮೇಷ್ಟ್ರಿಗೆ ಹೆದರಿಕೆಯೂ ಆಗಲಿಲ್ಲ, ನಿರಾಳವೂ ಆಗಲಿಲ್ಲ. ಕೈಯ ಮಸಿಯನ್ನು ಒರೆಸುತ್ತ ಕೇಳಿದರು, "ಮತ್ತೆ ಭಾವ ಭಾನುವಾರ ಭಾನುವಾರ ಇಲ್ಲಿಗೆ ಊಟಕ್ಕೆ ಬರ್ತಿದ್ರಲ್ಲ?"

"ನೀವಾಗೇ ಹೇಳ್ತೀರಾ ಅಂತ ಬರ್ತಿದ್ದ," ಎಂದು ಹೆಂಡತಿ ತಟ್ಟೆ ಹಾಕಲು ಒಳಗೆ ಹೋದರು.