ಎಲ್ಲರ ಕೈಗೂ ಭಂಡಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಚುನಾವಣೆಯ ಚರಿತ್ರೆ ಬರೆಯುವವರು ಗೆದ್ದವರ ಹೆಸರನ್ನೂ ಸೋತವರ ಅಂತರವನ್ನೂ ಬರೆದು ಮುಗಿಸುತ್ತಾರೆ. ಸಾವಿರದ ಒಂಬೈನೂರ ಐವತ್ತೇಳರಲ್ಲಿ, ದೇವರ ಹಿಪ್ಪರಗಿಯ ದಾರಿಯ ಒಂದು ಹಳ್ಳಿಯಲ್ಲಿ, ಕುರುಬರ ಶಂಕ್ರೆವ್ವ ಯಾರಿಗೆ ಮತ ಹಾಕಿದಳೆಂಬುದು ಆ ಚರಿತ್ರೆಯಲ್ಲಿ ಇಲ್ಲ, ಇರಲೂಬಾರದು. ಅದು ಯಾರಿಗೂ ತಿಳಿಯಬಾರದೆಂದೇ ಅವಳು ಊರ ಗೌಡನನ್ನು ಎದುರು ಹಾಕಿಕೊಂಡದ್ದು.

ಆಗ ಅವಳಿಗೆ ನಲವತ್ತರ ಆಸುಪಾಸು. ಎತ್ತರದ ಹೆಂಗಸು. ಹೊಸ ಸೊಸೆಯಾಗಿ ಬಂದಾಗ ಅತ್ತೆ ದನಿ ತಗ್ಗಿಸಲು ಹೇಳಿದ್ದಕ್ಕೆ, “ನಿಮಗ ಕೇಳಿದ್ರ ಸಾಲದಲ್ರಿ ಅತ್ತಿ, ಕುರಿಗೂ ಕೇಳಬೇಕಲ್ಲ” ಎಂದಿದ್ದಳಂತೆ. ಗಂಡ ಸೋಮನಿಂಗ, ಊರ ಹೊರಗಿನ ಕುರುಬರ ದೊಡ್ಡಿಯಲ್ಲಿದ್ದ ಬೀರದೇವರ ಪೂಜಾರಿ, ಮೆತ್ತನೆಯ ಮನುಷ್ಯ. ಆ ದೇವರ ಪ್ರಸಾದವೆಂದರೆ ಭಂಡಾರ, ಅಂದರೆ ಅರಿಸಿನದ ಪುಡಿ. ಭಂಡಾರ ಮುಟ್ಟಿ ಕೊಟ್ಟ ಮಾತನ್ನು ದೊಡ್ಡಿಯವರು ಮುರಿಯುತ್ತಿರಲಿಲ್ಲ. ಮುರಿದರೆ ಕುರಿಗಳಿಗೆ ರೋಗ ಬರುತ್ತದೆಂಬ ನಂಬಿಕೆ. ಇದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ; ಪರೀಕ್ಷೆಗೆ ಇಡಬೇಕಾದದ್ದು ತಮ್ಮದೇ ಕುರಿಗಳನ್ನಾದ್ದರಿಂದ ಅದು ಸಹಜವೂ ಆಗಿತ್ತು.

ಆ ಕಾಲದಲ್ಲಿ ಚೀಟಿಯ ಮೇಲೆ ಗುರುತು ಒತ್ತುವ ಪದ್ಧತಿ ಇನ್ನೂ ಬಂದಿರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ. ಬೇಕಾದವರ ಡಬ್ಬಿಯಲ್ಲಿ ಚೀಟಿ ಹಾಕಿ ಬರುವುದು. ಐವತ್ತೆರಡರ ಮೊದಲ ಚುನಾವಣೆಯಲ್ಲಿ ಶಂಕ್ರೆವ್ವನಿಗೆ ಬಹಳ ಹಿಡಿಸಿದ್ದು ಆ ಪರದೆ. “ಬಾಣಂತಿ ಕ್ವಾಣಿ ಬಿಟ್ರ ಗಂಡಸರು ಹಣಿಕಿ ಹಾಕಲಾರದ ಜಾಗಾ ಇದೊಂದ ನೋಡ” ಎಂದು ನೆರೆಮನೆಯ ಮುದುಕಿ ಚಂದವ್ವನಿಗೆ ಹೇಳಿದ್ದಳು.

ಎರಡನೆಯ ಚುನಾವಣೆಯ ಹೊತ್ತಿಗೆ ಗೌಡರು ಆ ಪರದೆಗೆ ಕಿಂಡಿ ಕೊರೆಯುವ ಉಪಾಯ ಹುಡುಕಿದರು. ಗುರಲಿಂಗಪ್ಪಗೌಡರು ಕೆಟ್ಟವರೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಬೇಸಗೆಯಲ್ಲಿ ಸುತ್ತಲಿನ ನೀರೆಲ್ಲ ಆರಿದಾಗ ದೊಡ್ಡಿಯ ಕುರಿಗಳು ಅವರ ಬಾವಿಯ ಕಲ್ಲುದೋಣಿಯಲ್ಲೇ ನೀರು ಕುಡಿಯುತ್ತಿದ್ದವು. ಆದರೆ ಕೊಟ್ಟ ನೀರನ್ನು ನೆನಪಿಟ್ಟುಕೊಳ್ಳುವ ಮನುಷ್ಯ ಅವರು. ಮತದಾನಕ್ಕೆ ಎರಡು ದಿನ ಮೊದಲು ದೊಡ್ಡಿಯವರನ್ನೆಲ್ಲ ಚಾವಡಿಗೆ ಕರೆಸಿದರು.

“ಇಲೆಕ್ಷನ್ ದಿನ ಮುಂಜಾನೆ ಎಲ್ಲಾರೂ ಇಲ್ಲಿಗೇ ಬರ್ರಿ. ಸೋಮನಿಂಗ ಎರಡೂ ಕೈಗೆ ಭಂಡಾರ ಹಚ್ಚತಾನ. ಆಣಿ ಮಾಡಿ, ಕೈ ತೊಳೀದ ಹಂಗ ಹೋಗಿ ನಮ್ಮ ಡಬ್ಬ್ಯಾಗ ಚೀಟಿ ಹಾಕ್ರಿ. ಎಣಿಸೂ ಕಡೆ ನಮ್ಮ ಏಜಂಟ ಕುಂತಿರತಾನ. ಹಳದಿ ಹತ್ತಿದ ಚೀಟಿ ಮತ್ತೊಬ್ಬರ ಡಬ್ಬ್ಯಾಗ ಕಂಡೂ ಅಂದ್ರ, ದೊಡ್ಡಿ ಕುರಿ ನನ್ನ ಬಾವಿ ನೀರು ಕುಡಿಯೂದಿಲ್ಲ. ತಿಳೀತಿಲ್ಲೊ?”

ಗಂಡಸರು ನೆಲ ನೋಡಿದರು. ಹಿಂದೆ ನಿಂತಿದ್ದ ಶಂಕ್ರೆವ್ವ, “ಗೌಡ್ರ, ನಾ ನಿಮ್ಮ ಕಡೆಯವಗ ಹಾಕಬೇಕಂತನ ಮಾಡಿದ್ನಿ” ಎಂದಳು.

“ಹಂಗಾದ್ರ ಆಣಿ ಮಾಡಾಕ ನಿನಗೇನ ತ್ರಾಸು?”

“ಸುಮ್ಮನ ಹಾಕಿದ್ರ ನನ್ನ ಮನಸಿಲೆ ಹಾಕಿಧಂಗ. ಆಣಿ ಮಾಡಿ ಹಾಕಿದ್ರ ನಿಮ್ಮ ಅಂಜಿಕಿಲೆ ಹಾಕಿಧಂಗ. ನಾ ಭಂಡಾರ ಮುಟ್ಟೂದಿಲ್ರಿ.”

ಗೌಡರು ನಕ್ಕು ಸೋಮನಿಂಗನ ಕಡೆ ತಿರುಗಿದರು. “ಏನೋ ಪೂಜಾರಿ, ನಿಮ್ಮ ಮನ್ಯಾಗ ಯಾರ ಮಾತು ನಡಿತೈತಿ?”

“ಕುರಿ ಮಾತು ನಡಿತೈತ್ರಿ” ಎಂದ ಸೋಮನಿಂಗ. ಯಾರಿಗೂ ಸಿಟ್ಟು ತರಿಸದ ಉತ್ತರ ಅವನಿಗೆ ಬೇರೆ ತೋಚಲಿಲ್ಲ.

ಮರುದಿನ ಅವಳು ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತ ಯೋಚಿಸಿದಳು. ತಾನೊಬ್ಬಳು ಭಂಡಾರ ಮುಟ್ಟದಿದ್ದರೆ ತನ್ನ ಚೀಟಿಯೇನೋ ಬೆಳ್ಳಗೆ ಉಳಿಯುತ್ತದೆ. ಆದರೆ ದೊಡ್ಡಿಯ ಬೇರೆ ಒಬ್ಬರು ಮನಸ್ಸು ಬದಲಿಸಿದರೂ ಅವರ ಹಳದಿ ಚೀಟಿ ಸಾಕ್ಷಿ ಹೇಳುತ್ತದೆ, ಎಲ್ಲರ ಕುರಿಗಳೂ ಬಾಯಾರುತ್ತವೆ. ಕದಿರು ತಿರುಗುತ್ತಲೇ ಇತ್ತು. ಇದ್ದಕ್ಕಿದ್ದಂತೆ ಗಂಡನನ್ನು ಕೇಳಿದಳು: “ಹಳದಿ ಅಂದ್ರ ದೊಡ್ಡಿ ಮಂದಿ ಅಂತ ಗುರುತು, ಹೌದಿಲ್ಲೊ? ಊರಾಗಿನ ಎಲ್ಲಾರ ಕೈನೂ ಹಳದಿ ಇದ್ರ?”

ಸೋಮನಿಂಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹೆದರಿಕೆಯಾಯಿತು. “ಹೆಣ್ಣಮಗಳು ಭಂಡಾರ ಹಂಚೂದು ಎಲ್ಲ್ಯಾರ ಐತೇನ?”

“ಗೌಡ ಹಂಚಸೂದು ಎಲ್ಲಿತ್ತು?”

ಮತದಾನದ ಮುಂಜಾನೆ ಗೌಡರು ಹೇಳಿದಂತೆ ಸೋಮನಿಂಗ ಒಂದಿಷ್ಟು ಭಂಡಾರ ಹಿಡಿದು ಚಾವಡಿಗೆ ಹೋದ. ಶಂಕ್ರೆವ್ವ ದೇವರ ಜಗಲಿಯಿಂದ ಭಂಡಾರದ ಚೀಲ ಎತ್ತಿಕೊಂಡು, ಶಾಲೆಯ ಕಡೆ ಹೊರಳುವ ದಾರಿಯ ಬೇವಿನ ಮರದ ಕೆಳಗೆ ನಿಂತಳು. ಆ ಶಾಲೆಯಲ್ಲೇ ಡಬ್ಬಿಗಳು. ಮೊದಲು ಬಂದವನು ಉಣ್ಣೆ ವ್ಯಾಪಾರದ ಬಂದಗಿಸಾಬ.

“ಕೈ ಚಾಚೋ ತಮ್ಮಾ.”

“ನಂದೂ ಏನ ಯಕ್ಕಾ?”

“ನಿಂದೂ. ವರ್ಷಾನಗಟ್ಲೆ ನಮ್ಮ ಕುರಿ ಉಣ್ಣೆ ಮುಟ್ಟಿ, ಈಗೇನು ನಾಚಿಕಿ?”

“ಕೈಗಿಷ್ಟ ಹಚ್ಚು. ಹಣಿಗೆ ಹಚ್ಚಿದಿ ಅಂದ್ರ ರಹಿಮಾಬಿ ಮನಿಯೊಳಗ ಕರಕೊಳ್ಳೂದಿಲ್ಲ. ಮದ್ಲ ನನ್ನ ಮ್ಯಾಲೆ ಆಕಿಗೆ ಸಂಶಯ” ಎಂದು ಹೆಂಡತಿಯ ನೆಪ ಹೇಳುತ್ತಲೇ ಎರಡೂ ಅಂಗೈ ಒಡ್ಡಿದ. ಕಾರಣ ಕೇಳಿ ತಿಳಿದುಕೊಂಡ ಮೇಲೆ ಇನ್ನಷ್ಟು ಹಾಕಿಸಿಕೊಂಡ. ಅವನ ಹಿಂದೆ ಬಡಿಗೇರರು, ಗಾಣಿಗರು, ಹೊಲೆಗೇರಿಯವರು, ಗೌಡರ ಮನೆಯ ಹೆಣ್ಣುಮಕ್ಕಳು. ದೇವರ ಭಂಡಾರವನ್ನು ಬೇಡವೆನ್ನುವ ರೂಢಿ ಆ ಊರಿಗಿರಲಿಲ್ಲ.

ಅಂದು ಊರ ಚೀಟಿಗಳೆಲ್ಲ ಹಳದಿಯಾದವೆಂದು ಇಂದಿಗೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ದಾರಿಯಲ್ಲಿ ಧೋತರಕ್ಕೆ ಕೈ ಒರೆಸಿಕೊಂಡವರು ಇದ್ದೇ ಇರುತ್ತಾರೆ. ಆದರೆ ಎಲ್ಲವೂ ಹಳದಿಯಾಗಬೇಕಿರಲಿಲ್ಲ. ಒಂದು ಗುರುತು ಒಂದು ಗುಂಪಿನಾಚೆ ಹರಡಿದ ಕೂಡಲೇ ಅದು ಗುರುತಾಗಿ ಸತ್ತುಹೋಗುತ್ತದೆ. ಅದಕ್ಕೆ ಕೆಲವೇ ಕೈಗಳು ಸಾಕು.

ಆದರೂ ಒಂದು ತೊಡಕು ಉಳಿದಿತ್ತು. ಚಾವಡಿಯಲ್ಲಿ ಆಣೆ ಮಾಡಿ ದೊಡ್ಡಿಯವರು ಸೋಮನಿಂಗನೊಡನೆ ಬಂದಾಗ ಅವರ ಮುಖದಲ್ಲಿ ಕಳೆಯಿರಲಿಲ್ಲ. ಗೌಡರ ಏಜಂಟನಿಗೆ ಕಾಣದಿದ್ದರೂ ಬೀರದೇವರಿಗೆ ಕಾಣುತ್ತದಲ್ಲ. ಆಣೆ ಆಣೆಯೇ. “ನಮ್ಮ ಕೈ ಕಟ್ಟಿಧಂಗಾತಬೇ ಶಂಕ್ರೆವ್ವಾ” ಎಂದಳು ಚಂದವ್ವ.

ಆಗ ಗೌಡರೇ ಬಂದರು. ಬೇವಿನ ಮರದ ಕೆಳಗಿನ ಗುಂಪು, ಊರ ಮಂದಿಯ ಹಳದಿ ಕೈಗಳು, ಶಂಕ್ರೆವ್ವನ ಹೆಗಲ ಚೀಲ ಎಲ್ಲವನ್ನೂ ನೋಡಿದರು. ಏನು ನಡೆದಿದೆಯೆಂದು ತಿಳಿಯದ ಮನುಷ್ಯನಲ್ಲ.

“ಕೈ ಚಾಚ್ರಿ ಗೌಡ್ರ” ಎಂದಳು.

“ನನಗ್ಯಾಕಬೇ?”

“ಬೀರದೇವರ ಭಂಡಾರರಿ. ನೀವು ದೊಡ್ಡದು ಅಂತ ಹೇಳಿದ್ದಕ್ಕನ ದೊಡ್ಡಿ ಮಂದಿ ಎಲ್ಲಾ ಮುಟ್ಟಿ ಬಂದೈತಿ. ನೀವ ಒಲ್ಲೆ ಅಂತೀರೇನು?”

ಎಲ್ಲರೂ ನೋಡುತ್ತಿದ್ದರು. ಒಲ್ಲೆ ಎಂದರೆ ಎರಡು ದಿನದ ಹಿಂದೆ ತಾವೇ ಮಾಡಿಸಿದ ಏರ್ಪಾಡು ಬಿದ್ದುಹೋಗುತ್ತದೆ. ಗೌಡರು ಕೈ ಒಡ್ಡಿದರು. ಆಗಷ್ಟೇ ಎಲೆಗೆ ಸುಣ್ಣ ಸವರಿಕೊಂಡಿದ್ದ ಕೈ ಅದು. ಅರಿಸಿನ ಬಿದ್ದು, ಬೆವರಿಗೆ ನೆನೆದು, ಹೆಬ್ಬೆರಳೂ ಅಂಗೈಯ ಅಂಚೂ ನೋಡನೋಡುತ್ತಿದ್ದಂತೆ ರಕ್ತದ ಹಾಗೆ ಕೆಂಪಾದವು.

ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ರಸಾಯನಶಾಸ್ತ್ರ ಓದಿದವರಿಗಷ್ಟೇ ಗೊತ್ತಿರುವ ಸಂಗತಿಯಲ್ಲ. ಆರತಿಯ ನೀರು ಕಲಸುವ ಪ್ರತಿ ಹೆಂಗಸಿಗೂ ಗೊತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಗೌಡ್ರ ಕೈ ಕೆಂಪಾತು” ಎಂದಳು ಚಂದವ್ವ, ನಿಧಾನವಾಗಿ. “ಹಿಂತಾ ಆಣಿ ನನಗ ಬ್ಯಾಡ ಅಂತ ದೇವರು ಹೇಳಾಕತ್ತಾನ.”

“ಹೌದಬೇ” ಎಂದರು ಯಾರೋ. “ಹೌದು, ದೇವರ ಒಲ್ಲೆ ಅಂದ ಮ್ಯಾಲೆ ಮುಗೀತು” ಎಂದರು ಮತ್ತೊಬ್ಬರು. ಬಂದಗಿಸಾಬ ತನ್ನ ಹಳದಿ ಕೈಗಳನ್ನು ಬಹಳ ಶ್ರದ್ಧೆಯಿಂದ ನೋಡಿಕೊಳ್ಳುತ್ತ ನಿಂತ.

“ಸುಣ್ಣಲೇ ಅದು” ಎಂದರು ಗೌಡರು. “ಸೋಮನಿಂಗ, ನೀ ಪೂಜಾರಿ ಅದಿ, ಹೇಳಿವರಿಗೆ.”

ಸೋಮನಿಂಗ ಗೌಡರ ಕೈ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಬಾವಿಯ ನೀರನ್ನೇ ನೆಚ್ಚಿದ ಕುರಿಗಳು ಅವನವೂ ಆಗಿದ್ದವು.

“ನನಗ ಸುಣ್ಣ ಕಾಣವಲ್ದುರಿ ಗೌಡ್ರ” ಎಂದ. “ಕೆಂಪ ಅಷ್ಟ ಕಾಣಾಕತ್ತೈತಿ.”

ಇದನ್ನು ಮೂಢನಂಬಿಕೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ನಂಬಿಕೆಯಿಂದ ಕಟ್ಟಿದ ಗಂಟನ್ನು ಅವರು ನಂಬಿಕೆಯಿಂದಲೇ ಬಿಚ್ಚಿದರು, ಅದೂ ಕಣ್ಣು ತೆರೆದುಕೊಂಡು. ದೊಡ್ಡಿಯವರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಬಂದರು. ಕೊನೆಗೆ ಶಂಕ್ರೆವ್ವ, ಚೀಲದ ತಳದಲ್ಲಿ ಉಳಿದ ಭಂಡಾರವನ್ನು ತನ್ನ ಕೈಗೂ ಹಚ್ಚಿಕೊಂಡು, ಒಳಗೆ ಹೋದಳು.

ಎಣಿಕೆಯಲ್ಲಿ ಗೌಡರ ಕಡೆಯವರೇ ಗೆದ್ದರು. ಈ ಒಂದು ಊರಿನಿಂದ ಕ್ಷೇತ್ರದ ಚರಿತ್ರೆ ಎಳ್ಳಷ್ಟೂ ಬದಲಾಗಲಿಲ್ಲ. ಹಳದಿ ಹತ್ತಿದ ಚೀಟಿಗಳು ಎಲ್ಲ ಡಬ್ಬಿಗಳಲ್ಲೂ ಇದ್ದವೆಂದು ಏಜಂಟ ಬಂದು ಹೇಳಿದನಂತೆ. ಗೌಡರು ಆದರೂ ಬಾವಿಗೆ ಬೇಲಿ ಹಾಕಿಸಿದರು. ದೊಡ್ಡಿಯವರು ಬತ್ತಿದ ಹಳ್ಳದ ಮರಳಿನಲ್ಲಿ ವರತೆ ತೋಡಿ, ಸರದಿಯ ಮೇಲೆ ಕುರಿಗಳಿಗೆ ನೀರು ಮೊಗೆದು ಹಾಕಿದರು. ಶಂಕ್ರೆವ್ವನ ಅಂಗೈ ಸುಲಿದುಹೋಯಿತು. ಗೊಬ್ಬರಕ್ಕಾಗಿ ಪ್ರತಿ ಬೇಸಗೆ ಗೌಡರ ಎರೆಹೊಲದಲ್ಲಿ ಬೀಡುಬಿಡುತ್ತಿದ್ದ ಹಿಂಡುಗಳು ಆ ವರ್ಷ ಅವರ ಬದುವನ್ನೂ ದಾಟಲಿಲ್ಲ. ಮರುವರ್ಷ ಜೋಳ ಮೊಣಕಾಲೆತ್ತರಕ್ಕೇ ನಿಂತಾಗ ಬೇಲಿ ತಾನಾಗಿ ಮಾಯವಾಯಿತು. ಯಾರೂ ಕ್ಷಮೆ ಕೇಳಲಿಲ್ಲ.

ಅರವತ್ತೆರಡರಲ್ಲಿ ಡಬ್ಬಿಗಳು ಹೋಗಿ, ಚೀಟಿಗೆ ಗುರುತು ಒತ್ತುವ ಪದ್ಧತಿ ಬಂತು. ಶಾಲೆಯ ಮುಂದೆ ಶಂಕ್ರೆವ್ವ ಸಾಲಿನಲ್ಲಿ ನಿಂತಿದ್ದಾಗ ಗೌಡರು ಅವಳ ಹತ್ತಿರ ಬಂದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಈಗರೆ ಹೇಳಬೇ ಶಂಕ್ರೆವ್ವಾ. ಹ್ವಾದ ಸಲ ಯಾರಿಗೆ ಹಾಕಿದಿ?”

“ನಿಮ್ಮ ಕೈಗೂ ಭಂಡಾರ ಹಚ್ಚಿದ್ನೆಲ್ರಿ ಗೌಡ್ರ” ಎಂದಳು ಅವಳು. “ನಿಮ್ಮ ಚೀಟಿ ಯಾವ ಡಬ್ಬ್ಯಾಗ ಬಿತ್ತು ಅಂತ ನಾ ಒಂದಿನರೆ ಕೇಳೇನೇನು?”

ಅವಳ ಸರದಿ ಬಂದಿತ್ತು. ಸೆರಗು ಸರಿಮಾಡಿಕೊಂಡು ಪರದೆಯ ಹಿಂದೆ ಹೋದಳು.