ಅವಳನ್ನು ಮೈದಾನದಿಂದ ಆಚೆ ಕರೆದ ದಿನ

ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಉಪ್ಪಾರಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಹುಡುಗಿಯರಿಗೆ ರಗ್ಬಿ ಕಲಿಸಲು ಶುರು ಮಾಡಿದೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರಿನವರು ಸೊಂಟ ಹಿಡಿದು ಕೆಡವಬೇಕು. ಕಬಡ್ಡಿ ಆಡಿ ಬೆಳೆದ ಮಕ್ಕಳಿಗೆ ಅದನ್ನು ಹೇಳಿಕೊಡುವುದು ಕಷ್ಟವಾಗಲಿಲ್ಲ.

ನಾನೂ ಕಬಡ್ಡಿಯವಳೇ. ಹುಲಿಯೂರುದುರ್ಗದಲ್ಲಿ ಓದುವಾಗ ಒಂದು ಫೈನಲ್‌ನಲ್ಲಿ ಯಾರದೋ ಮಂಡಿ ನನ್ನ ಕಿವಿಯ ಹತ್ತಿರ ಬಡಿದಿತ್ತು. ಕೋಚ್ ಮುಖಕ್ಕೆ ನೀರು ಎರಚಿ, ಬೆನ್ನಿಗೊಂದು ಗುದ್ದಿ ಒಳಗೆ ಕಳಿಸಿದರು. ಗೆದ್ದೆವಂತೆ. ಅಪ್ಪ ಊರಿಡೀ ಹೇಳಿಕೊಂಡು ತಿರುಗಿದರು. ಆ ಪಂದ್ಯದ ಉಳಿದರ್ಧ ಮಾತ್ರ ನನಗೆ ಇವತ್ತಿಗೂ ನೆನಪಿಲ್ಲ. ಅದು ಯಾರಿಗಾದರೂ ಹೇಳುವಂಥ ವಿಷಯ ಅಂತ ಆಗ ಅನಿಸಿರಲೂ ಇಲ್ಲ. ಮುಂದೆ ರಗ್ಬಿ ಕಲಿಸುವ ಟೀಚರುಗಳ ತರಬೇತಿಗೆ ಹೋದಾಗ ಮೊದಲ ದಿನವೇ ಹೇಳಿದರು: ತಲೆಗೆ ಪೆಟ್ಟು ಬಿದ್ದು ತಡವರಿಸಿದವರನ್ನು ಆಚೆ ಕರೆಯಿರಿ, ಆ ದಿನ ಮತ್ತೆ ಇಳಿಸಬೇಡಿ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಆ ಫೈನಲ್ ನೆನಪಾಯಿತು.

ನಮ್ಮ ತಂಡದಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳಿದ್ದಳು, ಅಂಗನವಾಡಿ ಸಹಾಯಕಿಯ ಮಗಳು. ಅವಳ ಓಟ ನೋಡಿದರೆ ಸಾಕು, ಜಿಲ್ಲಾ ತಂಡಕ್ಕೆ ಹೋಗುವವಳು ಅಂತ ಯಾರಾದರೂ ಹೇಳುತ್ತಿದ್ದರು. ಆಯ್ಕೆ ಪಂದ್ಯ ತುಮಕೂರಿನಲ್ಲಿ, ಕುಣಿಗಲ್ ತಂಡದ ಎದುರು. ಅವಳಮ್ಮ ರಜೆ ಹಾಕಿ ನಮ್ಮ ಜೊತೆಗೇ ಬಂದಿದ್ದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕುಣಿಗಲ್ ಹುಡುಗಿಯೊಬ್ಬಳ ಮಂಡಿಗೆ ಇವಳ ತಲೆ ಬಡಿಯಿತು. ಎದ್ದಳು, ಮಣ್ಣು ಕೊಡವಿಕೊಂಡಳು, ಗೆರೆಯ ಹತ್ತಿರ ನಿಂತಿದ್ದ ನನ್ನ ಕಡೆಗೆ ತಿರುಗಿ ಕೇಳಿದಳು: "ಮಿಸ್, ನಾವ್ ಯಾವ್ ಕಡೆ ಓಡ್ಬೇಕು?"

ಆಚೆ ಬಾ ಅಂದೆ. ಅವಳಮ್ಮ ಓಡಿಬಂದರು.

"ಯಾಕ್ ಮಿಸ್? ಎದ್ದು ನಿಂತವ್ಳಲ್ಲ!"

"ತಲೆಗೆ ಬಿದ್ದಿದೆ ಕಣಮ್ಮ. ಇವತ್ತು ಆಡ್ಬಾರ್ದು."

"ಒಂದ್ ತೊಟ್ಟು ರಕ್ತ ಬಂದಿಲ್ಲ. ಆಯ್ಕೆ ಮಾಡೋರು ಅಲ್ಲೇ ಕೂತವ್ರೆ. ಬುಡಿ ಮಿಸ್ ಒಳಕ್ಕೆ, ನಿಮ್ಗೆ ಕೈ ಮುಗೀತೀನಿ."

"ನಾನ್ ಚೆನ್ನಾಗಿದೀನಿ ಮಿಸ್," ಅಂತ ಹುಡುಗಿ ಅಳುತ್ತಾ ಕೈ ಕೊಸರಿಕೊಳ್ಳುತ್ತಿದ್ದಳು. ನಾನು ಬಿಡಲಿಲ್ಲ. ಸೋತೆವು.

ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಏನೂ ಕಾಣಿಸ್ತಿಲ್ಲ, ಆದ್ರೂ ಎರಡು ವಾರ ಆಡೋದು ಬೇಡ ಅಂದರು ಡಾಕ್ಟರು. ಅವಳಮ್ಮ ಆ ಮಾತಿನ ಮೊದಲರ್ಧವನ್ನಷ್ಟೇ ಹಿಡಿದುಕೊಂಡರು. "ಏನೂ ಇಲ್ವಂತೆ ಮಿಸ್," ಅಂದರು, ಅಷ್ಟೇ. ಏನೂ ಇಲ್ಲದಿರಲಿ ಅಂತ ದೇವರಿಗೆ ಹರಕೆ ಹೊತ್ತವಳು ನಾನೇ. ಗುಬ್ಬಿ ಬಸ್ಸಿನಲ್ಲಿ ತಾಯಿ ಮಗಳು ಮುಂದಿನ ಸೀಟಿನಲ್ಲಿ ಕೂತಿದ್ದರು, ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ಜಿಲ್ಲಾ ತಂಡದ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಈಗ ಅವಳು ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ಕಾಲೇಜು ತಂಡಕ್ಕೆ ಆಡುತ್ತಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಎದುರಾಳಿಯ ಕಾಲಿಗೆ ತಲೆ ಬಡಿದು ಬಿದ್ದವಳು ಒಂದು ಕ್ಷಣ ಏಳಲಿಲ್ಲ. ಆಮೇಲೆ ಎದ್ದು ಓಡಿದಳು. ಜನ ಶಿಳ್ಳೆ ಹೊಡೆದರು. "ಗಟ್ಟಿಗಿತ್ತಿ ಕಣ್ಲಾ ಇವ್ಳು," ಅಂದ ನನ್ನ ಮುಂದೆ ಕೂತಿದ್ದವನೊಬ್ಬ.

ಆಟ ಮುಗಿದ ಮೇಲೆ ತಾನಾಗಿಯೇ ನನ್ನ ಹತ್ತಿರ ಬಂದಳು.

"ಚೆನ್ನಾಗಿದೀರಾ ಮಿಸ್?"

"ತಲೆನೋವು ಬರುತ್ತೇನೇ?"

"ಬರುತ್ತೆ. ಎಲ್ರಿಗೂ ಬರುತ್ತೆ ಬಿಡಿ ಮಿಸ್." ಆಮೇಲೆ ದನಿ ತಗ್ಗಿಸಿ, "ನಮ್ ಸರ್‌ಗೆ ಹೇಳ್ಬೇಡಿ," ಅಂದಳು.

ಹೇಳಿದೆ. ಅವಳ ಕೋಚ್ ಕೆಟ್ಟವರೇನಲ್ಲ, ನಿಂತು ಪೂರ್ತಿ ಕೇಳಿಸಿಕೊಂಡರು. "ರೂಲ್ಸ್ ನಂಗೂ ಗೊತ್ತು ಮೇಡಂ. ಕೇಳಿದ್ರೆ ನೋವೇ ಇಲ್ಲ ಅಂತಾಳೆ. ನಾನೇನ್ ಮಾಡ್ಲಿ ಹೇಳಿ?"

ಕಾಲೇಜು ವ್ಯಾನಿನ ಮೆಟ್ಟಿಲ ಮೇಲೆ ನಿಂತು ಅವಳು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನಾನು ಕೈಬೀಸಿದೆ. ಅವಳು ಒಳಗೆ ಹೋಗಿ ಕಿಟಕಿಯ ಗಾಜು ಎಳೆದುಕೊಂಡಳು.